ಗಡಸುತನದ ಚೀಟಿಯೊಂದೇ ಸಾಲದು, ಉಕ್ಕಿನ ಹರಳನ್ನೂ ನೋಡಿ

ಮಾನ್ಯ ಸಂಪಾದಕರೇ,

ಶಿವಮೊಗ್ಗದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ, ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ, ಭದ್ರಾವತಿಯ ಸುತ್ತಮುತ್ತ ಫೋರ್ಜಿಂಗ್ ಮಾಲು (ಕಾಯಿಸಿ ಬಡಿದು ರೂಪಿಸಿದ ಉಕ್ಕು) ತಂದು ಟರ್ನಿಂಗ್, ಹೀಟ್ ಟ್ರೀಟ್‌ಮೆಂಟ್ (ಕಾಯಿಸಿ ತಣಿಸಿ ಹದಗೊಳಿಸುವುದು) ಮಾಡಿಕೊಡುವ ಶೆಡ್‌ಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: “ಗಡಸುತನ ಸರಿಯಾಗೇ ಇತ್ತು, ಆದರೂ ಶಾಫ್ಟ್ ಮುರೀತು.” ಅದರ ಬೆನ್ನಿಗೇ ಉಕ್ಕು ಕೊಟ್ಟವರು, ಬಡಿದವರು, ಹದ ಹಾಕಿದವರು ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಾರೆ. ಮುರಿದ ತುಂಡು ಮಾತ್ರ ಗುಜರಿಗೆ ಹೋಗುತ್ತದೆ. ಯಾರ ತಪ್ಪೆಂಬುದು ಬಹಳಷ್ಟು ಸಲ ಆ ಮುರಿದ ಮುಖದಲ್ಲೇ ಇರುತ್ತದೆ. ಹೀಟ್ ಟ್ರೀಟ್‌ಮೆಂಟ್ ಕೆಲಸದಲ್ಲಿರುವ ನಾವು ಕೆಲವರು ಸೇರಿ ಈ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಜಿಲ್ಲೆಯ ಸಣ್ಣ ಉದ್ಯಮಿಗಳ ಮುಂದಿಡುತ್ತಿದ್ದೇವೆ.

ಉಕ್ಕು ಒಳಗೆ ಸಣ್ಣ ಸಣ್ಣ ಹರಳುಗಳ ಒಟ್ಟಿಲು. ಶೆಡ್ಡಿನಲ್ಲಿ ಇದನ್ನೇ ಗ್ರೇನ್ ಎನ್ನುತ್ತೇವೆ. ಹರಳು ದಪ್ಪವಾದಷ್ಟೂ ಬಿರುಕು ತಡೆಯಿಲ್ಲದೆ ಓಡುತ್ತದೆ. ಸಣ್ಣದಾದಷ್ಟೂ ಬಿರುಕಿಗೆ ಹೆಜ್ಜೆ ಹೆಜ್ಜೆಗೂ ಗೋಡೆ ಅಡ್ಡ ಬರುತ್ತದೆ. ಉಕ್ಕಿನ ಬಲ ಹೆಚ್ಚಿಸುವ ಉಪಾಯಗಳು ಹಲವಿವೆ. ಅವುಗಳಲ್ಲಿ ಬಹುಪಾಲು ತಾಳಿಕೆಯನ್ನು ಕಡಿಮೆ ಮಾಡಿಯೇ ಬಲ ಕೊಡುತ್ತವೆ. ಎರಡನ್ನೂ ಒಟ್ಟಿಗೆ ಕೊಡುವುದು ಹರಳನ್ನು ಸಣ್ಣದಾಗಿಸುವ ದಾರಿ ಮಾತ್ರ. ಗಡಸುತನದ ಪರೀಕ್ಷೆ ಇದನ್ನು ತೋರಿಸುವುದಿಲ್ಲ ಎಂಬುದೇ ತೊಡಕು. ಶಾಫ್ಟುಗಳಿಗೆ ಬಳಸುವ ಇಎನ್ 19 ಎಂಬ ಮಿಶ್ರಲೋಹದ ಉಕ್ಕಿನ ಎರಡು ತುಂಡುಗಳನ್ನು ತೆಗೆದುಕೊಳ್ಳಿ: ಒಂದು ದಪ್ಪ ಹರಳಿನದು, ಇನ್ನೊಂದು ಸಣ್ಣ ಹರಳಿನದು. ಎರಡನ್ನೂ ಕಾಯಿಸಿ ಎಣ್ಣೆಗೆ ಇಳಿಸಿ, ಟೆಂಪರ್ ಮಾಡಿ (ಕಡಿಮೆ ಕಾವಿನಲ್ಲಿ ಮತ್ತೆ ಕಾಯಿಸಿ ಪೆಡಸುತನ ಇಳಿಸಿ) 280 ಬ್ರಿನೆಲ್ ಗಡಸುತನಕ್ಕೆ ತರಬಹುದು. ಚೀಟಿಯಲ್ಲಿ ಎರಡೂ ಪಾಸು. ತಾಳಿಕೆ ಅಳೆಯುವ ಚಾರ್ಪಿ ಯಂತ್ರದ ಲೋಲಕದ ಪೆಟ್ಟಿಗೆ ಸಣ್ಣ ಹರಳಿನದು ಬಾಗಿ ಹರಿಯುತ್ತದೆ, ದಪ್ಪ ಹರಳಿನದು ಗಾಜಿನಂತೆ ಮುರಿಯುತ್ತದೆ.

ಹರಳಿನ ಗಾತ್ರಕ್ಕೆ ಅಂಕಿಗಳಿವೆ. ಅಮೆರಿಕದ ಎಎಸ್‌ಟಿಎಂ ಇ112, ನಮ್ಮ ಐಎಸ್ 4748 ಎರಡೂ ಮಾನದಂಡಗಳಲ್ಲಿ ಅಂಕಿ ದೊಡ್ಡದಾದಷ್ಟು ಹರಳು ಸಣ್ಣದು. ನೂರು ಪಟ್ಟು ದೊಡ್ಡದಾಗಿಸಿ ನೋಡಿದಾಗ ಒಂದು ಚದರ ಇಂಚಿನಲ್ಲಿ 4 ಹರಳು ಕಂಡರೆ ಅದು 3ನೇ ಅಂಕಿ, 64 ಕಂಡರೆ 7ನೇ ಅಂಕಿ. ಮೂರರ ಹರಳು ಸುಮಾರು 0.13 ಮಿ.ಮೀ. ಅಗಲ, ಏಳರದ್ದು 0.03 ಮಿ.ಮೀ. ಹದ ಹಾಕಿ ಬಳಸುವ ಶಾಫ್ಟು, ಗೇರು, ಕೊಂಡಿಗಳಿಗೆ 5ರಿಂದ 8ರ ನಡುವೆ ಇರಲಿ ಎಂದು ಕೇಳುವುದು ರೂಢಿ. ಸೂಕ್ಷ್ಮದರ್ಶಕ ಇಲ್ಲದಿದ್ದರೂ ಕಣ್ಣಂದಾಜು ಸಾಧ್ಯ. ತುಂಡಿಗೆ ಗರಗಸದಿಂದ ಕಚ್ಚು ಹಾಕಿ ಒಂದೇ ಪೆಟ್ಟಿಗೆ ಮುರಿಯಿರಿ. ಮುಖ ಕಲ್ಲುಸಕ್ಕರೆ ಒಡೆದಂತೆ ಮಿಣಮಿಣ ಎಂದರೆ ಹರಳು ದಪ್ಪ. ಒದ್ದೆ ಬೂದಿಯ ಬಣ್ಣದಲ್ಲಿ, ಹೊಳಪಿಲ್ಲದೆ, ರೇಷ್ಮೆಯಂತೆ ನುಣ್ಣಗಿದ್ದರೆ ಸಣ್ಣ.

ಹರಳು ದಪ್ಪವಾಗುವುದು ಬಹುಪಾಲು ಫೋರ್ಜಿಂಗ್‌ನಲ್ಲೇ. ಬಿಲ್ಲೆಟ್ಟನ್ನು (ಬಡಿಯಲು ತಂದ ಉಕ್ಕಿನ ದಿಮ್ಮಿಯನ್ನು) 1150ರಿಂದ 1250 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಅಷ್ಟು ಕಾವಿನಲ್ಲಿ ಹರಳು ಬೆಳೆಯುವುದು ಸಹಜ, ಅದು ತಪ್ಪಲ್ಲ. ಸುತ್ತಿಗೆಯ ಪೆಟ್ಟು ಆ ಹರಳುಗಳನ್ನು ಒಡೆದು ಹೊಸದಾಗಿ ಹುಟ್ಟಿಸುತ್ತದೆ. ಕೊನೆಯ ಪೆಟ್ಟು 900 ಡಿಗ್ರಿ ಆಸುಪಾಸಿನಲ್ಲಿ ಬಿದ್ದರೆ ಹೊಸ ಹರಳು ಬೆಳೆಯಲು ಸಮಯ ಸಿಗುವುದಿಲ್ಲ. 1100ರಲ್ಲೇ ಬಡಿತ ಮುಗಿಸಿ ಗುಡ್ಡೆ ಹಾಕಿದರೆ ಗುಡ್ಡೆಯ ನಡುವಿನ ಮಾಲು ಗಂಟೆಗಟ್ಟಲೆ ಕೆಂಪಗೇ ಉಳಿದು ಹರಳು ಬೆಳೆಯುತ್ತಲೇ ಹೋಗುತ್ತದೆ. ಹೆಚ್ಚು ಜನ ಗಮನಿಸದ ಜಾಗ ಇನ್ನೊಂದಿದೆ. ಉದ್ದ ಶಾಫ್ಟಿನ ಒಂದು ತುದಿಗೆ ಮಾತ್ರ ಫ್ಲೇಂಜ್ (ಅಗಲವಾದ ಅಂಚು) ಬಡಿಯುವಾಗ, ಪೆಟ್ಟು ಬೀಳದ ಕಾಂಡವೂ ಫರ್ನೇಸಿನೊಳಗೆ 1200 ಡಿಗ್ರಿ ಕಂಡಿರುತ್ತದೆ. ಫ್ಲೇಂಜಿನಲ್ಲಿ ಹರಳು 7, ಒಂದು ಗೇಣು ಆಚೆಗೆ 2. ತುಂಡು ಕತ್ತರಿಸಿ ಪರೀಕ್ಷಿಸುವುದಾದರೆ ಪೆಟ್ಟು ಬೀಳದ ಕಡೆಯಿಂದಲೇ ಕತ್ತರಿಸಿ. ಕೊನೆಯ ಸುತ್ತಿನಲ್ಲಿ ಸವರಿದಂತೆ ಹಗುರ ಪೆಟ್ಟು ಬಿದ್ದ ಜಾಗವೂ ಅಷ್ಟೇ ಅಪಾಯದ್ದು. ನೂರಕ್ಕೆ ಐದರಷ್ಟು ಮಾತ್ರ ಅದುಮಿದರೆ ಕೆಲವೇ ಹರಳುಗಳು ಉಳಿದವನ್ನು ನುಂಗಿ ದೈತ್ಯವಾಗುತ್ತವೆ.

ಸರಿಪಡಿಸುವ ಮೊದಲು ಸರಿಯಾಗುವ ಮಾಲು ಯಾವುದು, ಆಗದ್ದು ಯಾವುದು ಎಂದು ಬೇರ್ಪಡಿಸಬೇಕು. ಬರೀ ಹರಳು ದಪ್ಪವಾಗಿದ್ದರೆ ಹೀಟ್ ಟ್ರೀಟ್‌ಮೆಂಟಿನಲ್ಲಿ ಸರಿಯಾಗುತ್ತದೆ. 1250 ದಾಟಿ ಹೊತ್ತು ನಿಂತು ಅತಿಯಾಗಿ ಕಾದಿದ್ದರೆ ಒಳಗಿನ ಮ್ಯಾಂಗನೀಸ್ ಸಲ್ಫೈಡ್ ಕರಗಿ, ತಣಿಯುವಾಗ ಹರಳುಗಳ ಗಡಿಯುದ್ದಕ್ಕೂ ಸಣ್ಣ ಚುಕ್ಕೆಗಳಾಗಿ ಕೂತಿರುತ್ತದೆ. ನಂತರ ಹರಳನ್ನು ಎಷ್ಟೇ ಸಣ್ಣಗೆ ಮಾಡಿದರೂ ಆ ಹಳೆಯ ಗಡಿಯ ಗುರುತು ಹೋಗುವುದಿಲ್ಲ. ಇದನ್ನು ಕಂಡುಹಿಡಿಯಲು ಒಂದು ತುಂಡನ್ನು ಪೂರ್ತಿ ಹದ ಹಾಕಿ, ಟೆಂಪರ್ ಮಾಡಿ, ಆಮೇಲೆ ಮುರಿಯಿರಿ. ನುಣ್ಣನೆಯ ಬೂದು ಮುಖದ ನಡುವೆ ಹೊಳಪಿಲ್ಲದ ಚಪ್ಪಟೆ ಬಿಲ್ಲೆಗಳು ಕಂಡರೆ ಅದು ಅತಿಕಾವಿನ ಮಾಲು, ನಾರ್ಮಲೈಸ್ ಮಾಡುತ್ತಾ (ಮತ್ತೆ ಕಾಯಿಸಿ ಗಾಳಿಯಲ್ಲಿ ತಣಿಸುತ್ತಾ) ಕೂತರೆ ಡೀಸೆಲ್, ಕರೆಂಟು ದಂಡ. ಅದಕ್ಕೂ ಮೀರಿ ಕಾದು ಹರಳಿನ ಗಡಿಯೇ ಕರಗಿ ಕಿಟ್ಟ ಒಳಗಿಳಿದಿದ್ದರೆ ಅದು ಸುಟ್ಟ ಉಕ್ಕು. ಮೈಮೇಲೆ ಮೊಸಳೆ ಚರ್ಮದಂಥ ಬಿರುಕು ಕಾಣುತ್ತದೆ. ಅದಕ್ಕೆ ಮತ್ತೆ ಕರಗಿಸುವ ಕುಲುಮೆಯೇ ಗತಿ.

ಹರಳು ಸಣ್ಣದಾಗುವುದು ಹೇಗೆ? ಇಎನ್ 19 ಉಕ್ಕು ಕಾಯುತ್ತಾ ಸುಮಾರು 800 ಡಿಗ್ರಿ ದಾಟಿದಾಗ ಒಳಗಿನ ಜೋಡಣೆ ಪೂರ್ತಿ ಬದಲಾಗಿ ಆಸ್ಟೆನೈಟ್ ಎಂಬ ಬಿಸಿಯ ರೂಪ ತಾಳುತ್ತದೆ. ಹಳೆಯ ಒಂದು ದೊಡ್ಡ ಹರಳಿನ ಜಾಗದಲ್ಲಿ ಹತ್ತಾರು ಕಡೆ ಹೊಸ ಹರಳು ಮೊಳೆಯುತ್ತವೆ. ಅವು ಬೆಳೆಯುವ ಮೊದಲೇ ತಣಿಸಿದರೆ ಮತ್ತೆ ಬದಲಾವಣೆ, ಮತ್ತೆ ಹೊಸ ಮೊಳಕೆ. ಈ ಗೆರೆಯನ್ನು ಮೇಲಕ್ಕೂ ಕೆಳಕ್ಕೂ ದಾಟಿಸುವುದೇ ನಾರ್ಮಲೈಸಿಂಗ್. ಒಂದು ಸಲ ದಾಟಿಸಿದರೆ ಒಂದು ಸಲದ ಫಲ, ಎರಡು ಸಲ ದಾಟಿಸಿದರೆ ಎರಡು ಸಲದ್ದು.

100 ಮಿ.ಮೀ. ದಪ್ಪದ ಇಎನ್ 19 ಫೋರ್ಜಿಂಗಿಗೆ ಕ್ರಮ ಹೀಗೆ. ಮೊದಲ ಸಲ 900ರಿಂದ 920 ಡಿಗ್ರಿ, ಗಾಳಿಯಲ್ಲಿ ತಣಿಸುವುದು. ಎರಡನೇ ಸಲ 860ರಿಂದ 870, ಮತ್ತೆ ಗಾಳಿ. ಆಮೇಲೆ 850ಕ್ಕೆ ಕಾಯಿಸಿ ಎಣ್ಣೆಗೆ, ಬೇಕಾದ ಗಡಸುತನಕ್ಕೆ ತಕ್ಕಂತೆ 550ರಿಂದ 650ರೊಳಗೆ ಟೆಂಪರ್. ಮೊದಲನೆಯದು ಫೋರ್ಜಿಂಗಿನ ಒರಟು ಜೋಡಣೆಯನ್ನು ಒಡೆದು ಇಂಗಾಲವನ್ನು ಸಮನಾಗಿ ಹರಡಲು, ಎರಡನೆಯದೇ ಹರಳಿಗೆ. ಎರಡನೇ ಸಲವೂ “ಇರಲಿ ಬಿಡು” ಎಂದು 950ಕ್ಕೆ ಏರಿಸಿದರೆ ಮೊದಲ ಸಲ ಗಳಿಸಿದ್ದನ್ನೂ ಕಳೆದುಕೊಳ್ಳುತ್ತೀರಿ. ಉಕ್ಕಿನ ಗಿರಣಿಯ ಚೀಟಿಯಲ್ಲಿ ಅಲ್ಯೂಮಿನಿಯಂ ಪ್ರಮಾಣ ಶೇ 0.02ರಿಂದ 0.05ರ ನಡುವೆ ಇದೆಯೇ ನೋಡಿಕೊಳ್ಳಿ. ಅಲ್ಯೂಮಿನಿಯಂ ಸಾರಜನಕದೊಂದಿಗೆ ಸೇರಿ ಅತಿ ಸಣ್ಣ ಕಣಗಳಾಗಿ ಹರಳಿನ ಗಡಿಗೆ ಗೂಟ ಹೊಡೆದಂತೆ ನಿಲ್ಲುತ್ತದೆ, ಗಡಿಯನ್ನು ಸರಿಯಲು ಬಿಡುವುದಿಲ್ಲ. ಅದಿಲ್ಲದ ಉಕ್ಕಿನಲ್ಲಿ 900ರಲ್ಲೇ ಹರಳು ಬೆಳೆಯತೊಡಗುತ್ತದೆ. ಅಂಥ ಉಕ್ಕಿಗೆ ಮೊದಲ ಸಲವೂ 880 ಮೀರಬಾರದು.

ಇಎನ್ 24 ಬೇರೆಯೇ ಜಾತಿ. ನಿಕಲ್ ಶೇ 1.5ರ ಸುಮಾರು, ಜತೆಗೆ ಕ್ರೋಮಿಯಂ, ಮಾಲಿಬ್ಡಿನಂ ಇರುವ ಈ ಉಕ್ಕು ಗಾಳಿಯಲ್ಲಿ ತಣಿದರೂ ಗಟ್ಟಿಯಾಗಿಬಿಡುತ್ತದೆ. ಗಟ್ಟಿಯಾದ ಈ ದಪ್ಪ ಹರಳಿನ ಮಾಲನ್ನು ನಿಧಾನವಾಗಿ ಮತ್ತೆ ಕಾಯಿಸಿದರೆ ಹೊಸ ಹರಳುಗಳು ಹಳೆಯದರ ದಿಕ್ಕನ್ನೇ ಹಿಡಿದು ಸೂಜಿಗಳಂತೆ ಬೆಳೆದು, ಒಂದಕ್ಕೊಂದು ಕೂಡಿಕೊಂಡು, ಮೊದಲಿದ್ದ ಅದೇ ದೊಡ್ಡ ಹರಳನ್ನು ಮರಳಿ ಕಟ್ಟುತ್ತವೆ. ಉಕ್ಕಿಗೆ ಹಳೆಯ ಆಕಾರದ ನೆನಪು ಉಳಿದಿರುತ್ತದೆ ಎಂದೇ ಹೇಳಬೇಕು. ಇಎನ್ 19ರ ಅಭ್ಯಾಸದಲ್ಲಿ “ಕಾವು ಕಡಿಮೆ ಮಾಡಿದಷ್ಟೂ ಹರಳು ಸಣ್ಣ” ಎಂದುಕೊಂಡವರು ಇಲ್ಲಿ ಸೋಲುತ್ತಾರೆ. ಇಎನ್ 24ರ ಒರಟು ಫೋರ್ಜಿಂಗನ್ನು ನೇರವಾಗಿ 830ಕ್ಕೆ ಕಾಯಿಸಿ ಎಣ್ಣೆಗಿಳಿಸಿದರೆ ಮುರಿದ ಮುಖ ಮತ್ತೆ ಕಲ್ಲುಸಕ್ಕರೆಯೇ.

ಆ ನೆನಪನ್ನು ಅಳಿಸಲು ಮೊದಲು 650ರಿಂದ 670 ಡಿಗ್ರಿಯಲ್ಲಿ ನಾಲ್ಕರಿಂದ ಆರು ಗಂಟೆ ಟೆಂಪರ್ ಮಾಡಿ. ತಣ್ಣಗಿನ ಗಟ್ಟಿ ಮಾಲನ್ನು ಕಾದ ಫರ್ನೇಸಿಗೆ ನೂಕಬೇಡಿ, ಸೀಳುತ್ತದೆ. 350ಕ್ಕಿಂತ ಕೆಳಗೆ ತುಂಬಿ, ಗಂಟೆಗೆ 100 ಡಿಗ್ರಿಯಂತೆ ಏರಿಸಿ. ಈ ಟೆಂಪರಿನಲ್ಲಿ ಕಾರ್ಬೈಡುಗಳು (ಇಂಗಾಲ ಲೋಹದೊಂದಿಗೆ ಸೇರಿದ ಕಣಗಳು) ಉಂಡೆಗಟ್ಟುತ್ತವೆ, ಮುಂದೆ ಹೊಸ ಹರಳು ಸೂಜಿಯಾಗದೆ ಗುಂಡಗೆ ಮೊಳೆಯಲು ಜಾಗವಾಗುತ್ತದೆ. ಅಲ್ಲಿಂದ ಮೇಲಕ್ಕೆ ಫರ್ನೇಸಿನ ಶಕ್ತಿಯಿದ್ದಷ್ಟು ಬೇಗ ಏರಿಸಿ. 700ರಿಂದ 800ರ ನಡುವೆ ತೆವಳಿದರೆ ನೆನಪು ಮರಳುತ್ತದೆ. ಮೊದಲ ನಾರ್ಮಲೈಸಿಂಗ್ ಧೈರ್ಯವಾಗಿ 920ರಿಂದ 930ಕ್ಕೆ ಒಯ್ಯಿರಿ. ಇಎನ್ 24ರ ಬದಲಾವಣೆಯ ಗೆರೆ 775ರ ಸುಮಾರು. ಅದರ ಮೇಲೆ 150 ಡಿಗ್ರಿ ಏರಿದಾಗ ಮರಳಿ ಕಟ್ಟಿದ ದೊಡ್ಡ ಹರಳು ಒಳಗಿನ ಒತ್ತಡಕ್ಕೆ ತಾನಾಗಿ ಒಡೆದು ಹೊಸದಾಗುತ್ತದೆ. ತಣಿಸಿ, ಸುಮಾರು 100 ಡಿಗ್ರಿಗೆ ಬಂದ ಕೂಡಲೇ ಮತ್ತೆ 650ರ ಟೆಂಪರ್. ನಂತರ ಎರಡನೇ ನಾರ್ಮಲೈಸಿಂಗ್ 850ರಿಂದ 860, ಮತ್ತೊಮ್ಮೆ ಟೆಂಪರ್, ಕೊನೆಗೆ 830ರಿಂದ ಎಣ್ಣೆ. ಉದ್ದದ ಕೆಲಸ ನಿಜ. ಇದರಲ್ಲಿ ಒಂದು ಹೆಜ್ಜೆ ಬಿಟ್ಟರೆ ಉಳಿದವೂ ವ್ಯರ್ಥ.

ತಣಿಸುವಾಗಿನ ತಪ್ಪು ಎಲ್ಲಕ್ಕಿಂತ ಹೆಚ್ಚು. ಮಾಲು ಕೆಂಪು ಬಿಟ್ಟು ಕಪ್ಪಾಗುವುದು 550 ಡಿಗ್ರಿ ಆಸುಪಾಸಿನಲ್ಲಿ. ಮಿಶ್ರಲೋಹದ ಉಕ್ಕು ಆಗಿನ್ನೂ ಬದಲಾಗಿರುವುದಿಲ್ಲ. ಹೊತ್ತಾಯಿತೆಂದು ಅಷ್ಟರಲ್ಲೇ ಎರಡನೇ ಸಲಕ್ಕೆ ತುಂಬಿದರೆ ಗೆರೆ ದಾಟಿದಂತಾಗುವುದೇ ಇಲ್ಲ. ಒಂದೇ ನಾರ್ಮಲೈಸಿಂಗನ್ನು ಎಳೆದಂತೆ, ಅಷ್ಟೆ. ಕಬ್ಬಿಣದ ಸರಳಿನ ತುದಿಗೆ ಅಯಸ್ಕಾಂತದ ಚೂರು ಕಟ್ಟಿ, ಕಿಟ್ಟ ಕೆರೆದ ಜಾಗಕ್ಕೆ ಒಂದು ಕ್ಷಣ ತಾಗಿಸಿ. ಕಪ್ಪಾದ ಮಾಲಿಗೂ ಅದು ಅಂಟದಿದ್ದರೆ ಒಳಗೆ ಇನ್ನೂ ಆಸ್ಟೆನೈಟ್ ಇದೆ. ಅಂಟಿದ ಮೇಲೂ ಆತುರ ಬೇಡ, ಮೈ ಬದಲಾಗಿ ನಡು ಉಳಿದಿರಬಹುದು. ಇಎನ್ 19 ಆದರೆ 200ಕ್ಕಿಂತ ಕೆಳಗಿಳಿಯಲಿ. ಮಾಲುಗಳ ನಡುವೆ ಒಂದು ಮಾಲಿನ ದಪ್ಪದಷ್ಟಾದರೂ ಜಾಗ ಬಿಡಿ, ನೆಲದ ಮೇಲಿಡದೆ ಜಾಲರಿಯ ಮೇಲಿಡಿ. ಗುಡ್ಡೆ ಹಾಕಿದರೆ ಹೊರಗಿನದು ನಾರ್ಮಲೈಸ್, ನಡುವಿನದು ನಿಧಾನ ತಣಿದು ಮೆತ್ತಗಾಗುವ ಅನೀಲ್. ಗಾಜನೂರು ಕಡೆಯಿಂದ ಮಳೆಗಾಳಿ ಬೀಸುವ ದಿನ ಶೆಡ್ಡಿನ ಬಾಗಿಲ ಹತ್ತಿರದ ಮಾಲು ಒಂದು ಬಗೆ, ಗೋಡೆಯ ಹತ್ತಿರದ್ದು ಇನ್ನೊಂದು ಬಗೆ ಆಗುತ್ತದೆ. ಅಂಥ ದಿನ ಬಾಗಿಲು ಮುಚ್ಚಿ ಫ್ಯಾನಿನಿಂದ ಸಮನಾದ ಗಾಳಿ ಕೊಡುವುದೇ ಲೇಸು.

ಕಾವಿನ ಅಳತೆಯ ಬಗ್ಗೆ ಹೇಳಲೇಬೇಕಾದ ಒಂದು ಸಣ್ಣ ತಂತಿಯ ವಿಷಯವಿದೆ. ಕಾವು ಅಳೆಯುವ ಕೆ ಟೈಪ್ ಥರ್ಮೋಕಪಲ್‌ನ ತಲೆಯಿಂದ ಕಂಟ್ರೋಲರ್‌ವರೆಗೆ ಅದಕ್ಕೆಂದೇ ಮಾಡಿದ ಕಾಂಪೆನ್ಸೇಟಿಂಗ್ ಕೇಬಲ್ಲೇ ಇರಬೇಕು. ಇಲಿ ಕಡಿದೋ ಶಾಖಕ್ಕೆ ಸುಟ್ಟೋ ಅದು ಹೋದಾಗ ಎಲೆಕ್ಟ್ರಿಷಿಯನ್ ಸಾಮಾನ್ಯ ತಾಮ್ರದ ವಯರ್ ಜೋಡಿಸಿ ಹೋಗುತ್ತಾರೆ. ಮೀಟರ್ ಓಡುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಫರ್ನೇಸ್ ಗೋಡೆಯಲ್ಲಿರುವ ತಲೆ 90 ಡಿಗ್ರಿ, ಕಂಟ್ರೋಲರ್ ಇರುವ ಜಾಗ 30 ಡಿಗ್ರಿ ಇದ್ದರೆ ಮೀಟರ್ 60 ಡಿಗ್ರಿ ಕಡಿಮೆ ತೋರಿಸುತ್ತದೆ. 870 ಎಂದು ಬರೆದಿಟ್ಟ ಫರ್ನೇಸ್ ನಿಜಕ್ಕೂ 930ರಲ್ಲಿರುತ್ತದೆ. ವರ್ಷಗಟ್ಟಲೆ ಹರಳು ದಪ್ಪವಾಗಿಯೇ ಬರುತ್ತಿದ್ದರೆ ಉಕ್ಕನ್ನು ದೂರುವ ಮೊದಲು ಆ ತಂತಿಯನ್ನು ನೋಡಿ.

ಹೊತ್ತಿನ ಲೆಕ್ಕವೂ ಹಾಗೆಯೇ. “ಇಂಚಿಗೆ ಒಂದು ಗಂಟೆ” ಎಂಬ ಸೂತ್ರ ಒಳ್ಳೆಯದೇ, ಆದರೆ ಅದು ಮಾಲಿನ ನಡು ಕಾಯುವ ಹೊತ್ತನ್ನೂ ಸೇರಿಸಿಕೊಂಡದ್ದು. ನಿಮ್ಮ ಮಾಲಿನಷ್ಟೇ ದಪ್ಪದ ಒಂದು ಗುಜರಿ ತುಂಡಿಗೆ ನಡುವಿನವರೆಗೆ 6 ಮಿ.ಮೀ. ತೂತು ಕೊರೆದು, ಅದರಲ್ಲಿ ಥರ್ಮೋಕಪಲ್ ಇಟ್ಟು, ಲೋಡಿನ ನಡುವೆ ಇಡಿ. ಗಾಳಿಯ ಕಾವು 870 ಮುಟ್ಟಿ ಎಷ್ಟೋ ಹೊತ್ತಿನ ಮೇಲೆ ನಡು ಅಲ್ಲಿಗೆ ಬರುವುದು ಕಾಣುತ್ತದೆ. ನಡು ಮುಟ್ಟಿದ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು.

ಎರಡು ಸಲ ಕಾಯಿಸಿದರೆ ಕಿಟ್ಟ ಹೆಚ್ಚು ಉದುರುತ್ತದೆ, ಮೈಯ ಇಂಗಾಲವೂ ಸ್ವಲ್ಪ ಹೋಗುತ್ತದೆ. ಫಿನಿಶ್ ಟರ್ನಿಂಗ್‌ಗೆ ಮೊದಲೇ ಇದನ್ನು ಮಾಡಿ, ಒಂದೂವರೆ ಎರಡು ಮಿ.ಮೀ. ಹೆಚ್ಚುವರಿ ಬಿಟ್ಟಿರಬೇಕು. ಮತ್ತೊಂದು ಮಾತನ್ನು ಮುಚ್ಚಿಡಬಾರದು: ಹರಳು ಸಣ್ಣದಾದಾಗ ಉಕ್ಕು ಆಳಕ್ಕೆ ಗಟ್ಟಿಯಾಗುವ ಗುಣ ಸ್ವಲ್ಪ ಕುಗ್ಗುತ್ತದೆ. ದಪ್ಪ ಇಎನ್ 19 ಮಾಲಿನ ನಡುವೆ ಗಡಸುತನ ಮೊದಲಿಗಿಂತ ಕಡಿಮೆ ಬಂತೆಂದು ಕಾವು ಏರಿಸಿ ಹರಳು ಬೆಳೆಸುವವರಿದ್ದಾರೆ. ಅದು ಬಿರುಕನ್ನು ಮನೆಗೆ ಕರೆದಂತೆ. ಅಷ್ಟು ದಪ್ಪಕ್ಕೆ ಇಎನ್ 24 ಆರಿಸುವುದೇ ಸರಿ. ಹಾಗೆಯೇ ಮುರಿದದ್ದೆಲ್ಲ ಹರಳಿನದೇ ತಪ್ಪಲ್ಲ. ಟೆಂಪರ್ ಮುಗಿಸಿ ಮಾಲನ್ನು ಫರ್ನೇಸಿನಲ್ಲೇ ಬಿಟ್ಟು ರಾತ್ರಿಯಿಡೀ ತಣಿಯಲು ಬಿಟ್ಟರೆ 575ರಿಂದ 375ರವರೆಗೆ ನಿಧಾನವಾಗಿ ಇಳಿದು, ರಂಜಕದಂಥ ಕಲ್ಮಶ ಹರಳಿನ ಗಡಿಗೆ ಸೇರಿ ಉಕ್ಕು ಪೆಡಸಾಗುತ್ತದೆ. ಇದಕ್ಕೆ ನಾರ್ಮಲೈಸಿಂಗ್ ಬೇಡ; 600ರ ಮೇಲೆ ಮತ್ತೆ ಟೆಂಪರ್ ಮಾಡಿ ಹೊರಗೆ ತೆಗೆದು ಬೇಗ ತಣಿಸಿದರೆ ಸರಿಹೋಗುತ್ತದೆ.

ಮಲೆನಾಡಿನ ಮಳೆಗಾಲಕ್ಕೆ ಸೇರಿದ ಒಂದು ಎಚ್ಚರಿಕೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಸೋರಿಕೆಯಿಂದ, ತೇವದ ಗಾಳಿಯಿಂದ ಕ್ವೆಂಚಿಂಗ್ ಎಣ್ಣೆಗೆ ನೀರು ಸೇರುತ್ತದೆ. ನೂರಕ್ಕೆ 0.1ರಷ್ಟು ನೀರೇ ಸಾಕು, ಒಂದು ಕಡೆ ವೇಗ, ಇನ್ನೊಂದು ಕಡೆ ನಿಧಾನ ತಣಿದು ಮಾಲು ಸೀಳುತ್ತದೆ. ತೊಟ್ಟಿಯ ತಳದಲ್ಲಿ ನೀರು ನಿಂತಿದ್ದರೆ ಆವಿಯಾಗಿ ಉಕ್ಕಿ ಬೆಂಕಿಯೂ ಹತ್ತಬಹುದು. ಬೆಳಿಗ್ಗೆ ಲೋಡ್ ಹಾಕುವ ಮೊದಲು ಬಿಸಿ ತಗಡಿನ ಮೇಲೆ ನಾಲ್ಕು ಹನಿ ಎಣ್ಣೆ ಬಿಡಿ. ಒಗ್ಗರಣೆಯಂತೆ ಚಟಪಟ ಎಂದರೆ ನೀರಿದೆ, ಆ ದಿನ ಇಳಿಸಬೇಡಿ. ಕರೆಂಟು ಹೋದಾಗಲೂ ಒಂದು ಶಿಸ್ತು ಬೇಕು. ಅರ್ಧಕ್ಕೆ ನಿಂತ ಲೋಡಿನ ಹೊತ್ತನ್ನು ತುಂಬಿಕೊಳ್ಳಲು ಕಾವು ಏರಿಸಬಾರದು. ಕಾವು 800ಕ್ಕಿಂತ ಕೆಳಗೆ ಇಳಿದಿದ್ದರೆ ಆ ಸಲದ ಲೆಕ್ಕ ಬಿಟ್ಟು, ಮತ್ತೆ ನಿಗದಿತ ಕಾವಿಗೆ ತಂದು, ನಡು ಮುಟ್ಟಿದ ಮೇಲಿನ ಹೊತ್ತನ್ನು ಮೊದಲಿನಿಂದ ಎಣಿಸಬೇಕು.

ಇದೆಲ್ಲ ದೊಡ್ಡ ಫರ್ನೇಸಿನ ಮಾತು ಮಾತ್ರ ಎಂದು ಯಾರೂ ತಿಳಿಯಬಾರದು. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಕತ್ತಿ ಬಡಿಯುವ ಕುಲುಮೆಗಳಲ್ಲೂ ಉಕ್ಕು ಮಿಶ್ರಲೋಹದ್ದೇ, ನಿಯಮವೂ ಅದೇ. ಬಡಿತ ಮುಗಿದ ಕತ್ತಿಯನ್ನು ನೇರವಾಗಿ ಹದಕ್ಕೆ ಇಳಿಸದೆ, ಅಯಸ್ಕಾಂತ ಬಿಡುವ ಕಾವಿಗಿಂತ ಸ್ವಲ್ಪ ಹೆಚ್ಚು ಕೆಂಪಾಗಿಸಿ ಗಾಳಿಯಲ್ಲಿ ತಣಿಸಿ, ಪೂರ್ತಿ ಕಪ್ಪಾಗಿ ಅಯಸ್ಕಾಂತ ಹಿಡಿದ ಮೇಲೆ ಮತ್ತೆ ಕಾಯಿಸುವುದು. ಹೀಗೆ ಮೂರು ಸಲ, ಪ್ರತಿ ಸಲವೂ ಹಿಂದಿನದಕ್ಕಿಂತ ಒಂದು ಛಾಯೆ ಕಡಿಮೆ ಕೆಂಪು. ಬಣ್ಣ ನೋಡುವುದು ನೆರಳಿನಲ್ಲೇ ಆಗಬೇಕು. ಬಿಸಿಲಿನಲ್ಲಿ ಕೆಂಪು ಮಂಕಾಗಿ ಕಂಡು ತಿದಿ ಇನ್ನಷ್ಟು ಒತ್ತುತ್ತಾರೆ, ಹರಳು ಅಲ್ಲೇ ಕೆಡುತ್ತದೆ. ಸೊಪ್ಪು ಕಡಿಯುವಾಗ ಬಾಯಿ ಚಕ್ಕೆ ಏಳುವ ಕತ್ತಿಯ ಮುರಿದ ಮುಖವನ್ನು ಒಮ್ಮೆ ನೋಡಿ, ಅದೇ ಕಲ್ಲುಸಕ್ಕರೆ.

ನಮ್ಮ ಬೇಡಿಕೆ ಮೂರು. ಮಾಲು ತರಿಸುವವರು ಆರ್ಡರಿನಲ್ಲಿ ಗಡಸುತನದ ಜತೆಗೆ “ಹರಳಿನ ಗಾತ್ರದ ಅಂಕಿ 5 ಅಥವಾ ಅದಕ್ಕಿಂತ ಹೆಚ್ಚು” ಎಂಬ ಒಂದು ಸಾಲು ಸೇರಿಸಲಿ, ಮುಖ್ಯ ಭಾಗಗಳಿಗೆ ಚಾರ್ಪಿ ಅಂಕಿಯನ್ನೂ ಕೇಳಲಿ. ಆ ಒಂದು ಸಾಲು ಇಲ್ಲದೆ ಎರಡನೇ ನಾರ್ಮಲೈಸಿಂಗಿನ ಖರ್ಚನ್ನು ಯಾವ ಸಣ್ಣ ಶೆಡ್ಡೂ ತಾನಾಗಿ ಹೊರುವುದಿಲ್ಲ, ಹೊರಲು ಆಗುವುದೂ ಇಲ್ಲ. ಜಿಲ್ಲೆಯ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳು ತಮ್ಮ ಲ್ಯಾಬಿನ ಸೂಕ್ಷ್ಮದರ್ಶಕ, ಪಾಲಿಶಿಂಗ್ ಯಂತ್ರಗಳನ್ನು ವಾರಕ್ಕೆ ಒಂದು ದಿನ ಸಣ್ಣ ಶೆಡ್‌ಗಳಿಗೆ ಶುಲ್ಕ ಪಡೆದು ತೆರೆಯಲಿ. ಮುರಿದ ಶಾಫ್ಟಿನ ತುಂಡಿಗಿಂತ ಒಳ್ಳೆಯ ಪಾಠದ ಸಾಮಗ್ರಿ ವಿದ್ಯಾರ್ಥಿಗಳಿಗೆ ಬೇರೆ ಸಿಗಲಾರದು. 1923ರಲ್ಲಿ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಇದ್ದಿಲಿನಲ್ಲಿ ಕರಗಿಸಿ ಕಬ್ಬಿಣ ಹರಿಸಲು ಆರಂಭಿಸಿದ ಭದ್ರಾವತಿಯ ಕಾರ್ಖಾನೆಯಲ್ಲಿ ಮಿಶ್ರಲೋಹದ ಉಕ್ಕನ್ನು ಕಾಯಿಸಿ, ಬಡಿದು, ತಣಿಸಿ ನಿವೃತ್ತರಾದ ಕೈಗಳು ನಮ್ಮೂರ ಬೀದಿಗಳಲ್ಲೇ ಇವೆ. ಮುರಿದ ಮುಖ ನೋಡಿದ ಕೂಡಲೇ ಯಾವ ಕಾವಿನಲ್ಲಿ ತಪ್ಪಾಯಿತು ಎಂದು ಹೇಳಬಲ್ಲ ಆ ಹಿರಿಯರನ್ನು ಐಟಿಐಗಳಿಗೆ ಗೌರವಧನ ಕೊಟ್ಟು ಕರೆಸಲಿ. ಮೊದಲ ಪಾಠ ಕಚ್ಚು ಹಾಕಿ ತುಂಡು ಮುರಿಯುವುದರಿಂದಲೇ ಶುರುವಾಗಲಿ.

— ಹೀಟ್ ಟ್ರೀಟ್‌ಮೆಂಟ್ ಕೆಲಸದಲ್ಲಿರುವ ಓದುಗರು, ಶಿವಮೊಗ್ಗ